ಸಸ್ಯತೋಟದ ಹೆಸರುಹಲಗೆಗಳು

ಊರಿನಲ್ಲಿ ಹೊಸದಾಗಿ ಸಸ್ಯತೋಟವೊಂದನ್ನು ಮಾಡುತ್ತಾರೆ ಎಂದರೆ ಅಲ್ಲಿ ಎಂಜಿನಿಯರಿಗೆ ಕೆಲಸವುಂಟು, ತೋಟಗಾರಿಕೆಯ ಅಧಿಕಾರಿಗೆ ಕೆಲಸವುಂಟು, ಕಲ್ಲುಕೆಲಸದವರಿಗೂ ಕೊಳಾಯಿಯವರಿಗೂ ಕೆಲಸವುಂಟು. ಕನ್ನಡದ ಉಪನ್ಯಾಸಕನಿಗೆ ಅಲ್ಲೇನು ಕೆಲಸ ಎಂದು ವಾಚಕರು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ನಮ್ಮದು ಒಂದು ಜಿಲ್ಲಾ ಕೇಂದ್ರ. ಊರಿನ ಅಂಚಿನಲ್ಲಿ, ಹಳೆಯ ಕೆರೆಯೊಂದರ ಏರಿಯ ಕೆಳಗೆ, ಬಹುಕಾಲ ಪಾಳುಬಿದ್ದಿದ್ದ ನೆಲವನ್ನು ಸಾರ್ವಜನಿಕ ಸಸ್ಯತೋಟಕ್ಕೆಂದು ಬಿಟ್ಟುಕೊಟ್ಟರು. ಅದಕ್ಕೊಂದು ಸಮಿತಿಯಾಯಿತು. ಗಿಡಮರಗಳ ಹಲಗೆಗಳ ಮೇಲೆ ಕನ್ನಡದ ಹೆಸರುಗಳೂ ಇರಬೇಕೆಂದು ಯಾರೋ ಸೂಚಿಸಿದ್ದರಿಂದ, ಆ ಹೆಸರುಗಳನ್ನು ‘ಶುದ್ಧವಾಗಿ’ ಬರೆದುಕೊಡುವ ಭಾರ ನನ್ನ ಮೇಲೆ ಬಿತ್ತು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವೆಂದು ಸಮಿತಿಯವರು ಭಾವಿಸಿದ್ದರು. ಅದು ಆರಂಭವಾಗಿ ಎರಡು ವರ್ಷವಾಯಿತು.

ಉದ್ಯಾನ ಬೇರೆ, ಸಸ್ಯತೋಟ ಬೇರೆ. ಉದ್ಯಾನದಲ್ಲಿ ನೆರಳಿದ್ದರೆ ಸಾಕು, ಹೂವಿದ್ದರೆ ಸಂತೋಷ. ಯಾವ ಮರದ ನೆರಳು, ಎಲ್ಲಿಂದ ಬಂದ ಹೂ ಎಂದು ಯಾರೂ ಕೇಳುವುದಿಲ್ಲ. ಸಸ್ಯತೋಟವಾದರೋ ಒಂದು ಬಗೆಯ ಗ್ರಂಥಾಲಯ. ಅಲ್ಲಿ ಪ್ರತಿಯೊಂದು ಗಿಡಕ್ಕೂ ಒಂದು ಅಂಕಿ, ಒಂದು ಹೆಸರು, ಎಲ್ಲಿಂದ ಯಾವಾಗ ಬಂದಿತೆಂಬ ಒಂದು ದಾಖಲೆ ಇರಬೇಕು. ದಾಖಲೆ ತಪ್ಪಿದ ದಿನ ಅದು ಬರಿಯ ಉದ್ಯಾನವಾಗುತ್ತದೆ. ಇಟಲಿಯ ಪಾದುವ ನಗರದಲ್ಲಿ 1545ರಲ್ಲಿ ವಿಶ್ವವಿದ್ಯಾನಿಲಯದವರು ತೋಟವೊಂದನ್ನು ಮಾಡಿದರು. ಮೊದಲು ಮಾಡಿದ ಜಾಗದಲ್ಲಿಯೇ ಇಂದಿಗೂ ಉಳಿದುಬಂದಿರುವ ಸಸ್ಯತೋಟಗಳಲ್ಲಿ ಅದು ಅತ್ಯಂತ ಹಳೆಯದು. ಅದನ್ನು ಮಾಡಿದ್ದು ಅಂದಕ್ಕಾಗಿ ಅಲ್ಲ. ವೈದ್ಯವಿದ್ಯೆ ಕಲಿಯುವ ಹುಡುಗರಿಗೆ ನಿಜವಾದ ಮೂಲಿಕೆ ಯಾವುದು, ಅದರಂತೆ ಕಾಣುವ ಹುಸಿಮೂಲಿಕೆ ಯಾವುದು ಎಂಬುದನ್ನು ಬೇರಿನಿಂದ ಹೂವಿನವರೆಗೆ ಕಣ್ಣಾರೆ ತೋರಿಸಬೇಕಾಗಿತ್ತು. ಹೆಸರು ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ ಬರುತ್ತಿದ್ದ ಕಾಲ ಅದು. ವೃತ್ತದೊಳಗೊಂದು ಚೌಕ, ಸುತ್ತಲೂ ದುಂಡಾದ ಗೋಡೆ: ಆ ತೋಟದ ನಕ್ಷೆಯೇ ಒಂದು ಪಾಠಪುಸ್ತಕದ ಪುಟದಂತಿದೆ. 1585ರಲ್ಲಿ ಅಲ್ಲಿ ನೆಟ್ಟ ಗಿಡ್ಡ ಜಾತಿಯ ತಾಳೆಯೊಂದು ಇನ್ನೂ ಬದುಕಿದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಅದರ ಮುಂದೆ ನಿಂತು, ಎಳೆಯ ಗರಿಗೂ ಬಲಿತ ಗರಿಗೂ ಇರುವ ವ್ಯತ್ಯಾಸವನ್ನು ಕಂಡು, ಸಸ್ಯದ ಅಂಗಗಳೆಲ್ಲ ಎಲೆಯ ರೂಪಾಂತರಗಳೇ ಇರಬಹುದೆಂಬ ಯೋಚನೆಗೆ ತೊಡಗಿದನು. 1790ರಲ್ಲಿ ಅದನ್ನೇ ಗ್ರಂಥವಾಗಿ ಬರೆದನು. ಕವಿಗಳಿಗೆ ಸಸ್ಯತೋಟದಲ್ಲಿ ಏನು ಕೆಲಸವೆಂದು ಕೇಳುವವರಿಗೆ ನಾನು ಈ ತಾಳೆಯ ಕಥೆಯನ್ನು ಹೇಳುತ್ತೇನೆ.

ನಮ್ಮ ಕಣ್ಣಿಗೆ ಹತ್ತಿರದ ಮಾದರಿ ಬೆಂಗಳೂರಿನ ಲಾಲ್‌ಬಾಗು. ಅದೂ ಒಂದು ದಿನ ಹೊಸ ತೋಟವಾಗಿಯೇ ಇತ್ತೆಂಬುದನ್ನು ನಾವು ಮರೆಯುತ್ತೇವೆ. 1760ರಲ್ಲಿ ಹೈದರಾಲಿ ಅದನ್ನು ಹಾಕಿಸಿದಾಗ ಅದರ ವಿಸ್ತಾರ ಸುಮಾರು 40 ಎಕರೆ. ಇಂದು 240 ಎಕರೆ. ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಸಿದನು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ತೋಟವನ್ನು ಕಂಡು ಬರೆದಿದ್ದಾನೆ: ಚೌಕಚೌಕವಾದ ಪಾತಿಗಳು, ನಡುವೆ ಕಾಲುದಾರಿಗಳು, ದಾರಿಯ ಅಂಚಿನಲ್ಲಿ ಸೈಪ್ರೆಸ್ ಮರಗಳು, ಒಂದೊಂದು ಪಾತಿಗೆ ಒಂದೊಂದೇ ಜಾತಿಯ ಗಿಡ, ಗುಲಾಬಿಗೊಂದು, ದಾಳಿಂಬೆಗೊಂದು. ಅದು ಅರಸರ ತೋಟ, ಹಣ್ಣು ಹೂಗಳ ತೋಟ. ಜನರ ತೋಟವಾಗಲು ಇನ್ನೂ ಅರ್ಧ ಶತಮಾನ ಕಳೆಯಬೇಕಾಯಿತು. 1856ರಲ್ಲಿ ಸರಕಾರದ ಸಸ್ಯತೋಟವೆಂದು ಅದಕ್ಕೆ ಹೊಸ ಜನ್ಮ ಬಂತು. 1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಎಂಬ ತೋಟಗಾರನು ಬಂದನು. ಅವನ ಬಳಿಕ 1874ರಿಂದ ಜಾನ್ ಕ್ಯಾಮೆರಾನ್.

ಕ್ಯಾಮೆರಾನನ ಹೆಸರು ಕೇಳಿದೊಡನೆ ಎಲ್ಲರಿಗೂ ನೆನಪಾಗುವುದು ಗಾಜಿನ ಮನೆ. 1889ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅದಕ್ಕೆ ಅಡಿಗಲ್ಲಿಟ್ಟನು. ಕಣ್ಣಿಗೆ ರಾಚುವ ಆ ಕಟ್ಟಡಕ್ಕಿಂತಲೂ ನನಗೆ ಹೆಚ್ಚು ಗೌರವ ಹುಟ್ಟಿಸುವುದು ಅವನು ಅಚ್ಚುಹಾಕಿಸಿದ ತೋಟದ ಸಸ್ಯಗಳ ಪಟ್ಟಿ. ಗಾಜಿನ ಮನೆಯನ್ನು ಹಣವುಳ್ಳ ಯಾವ ನಗರವಾದರೂ ಕಟ್ಟಿಸಬಹುದು. ಪ್ರತಿ ಗಿಡದ ಮುಂದೆಯೂ ಕುಳಿತು, ಇದು ಯಾವುದು, ಎಲ್ಲಿಯದು, ಏತಕ್ಕೆ ಬರುತ್ತದೆ ಎಂದು ಬರೆದಿಡುವ ತಾಳ್ಮೆಗೆ ಯಾವ ಹಣವೂ ಸಾಲದು. ಸೀಮೆಬದನೆಯನ್ನು ಬೆಂಗಳೂರಿಗೆ ತಂದವನೂ ಅವನೇ ಎನ್ನುತ್ತಾರೆ. ನೆರೆಯ ತಮಿಳರು ಅದನ್ನು ಇಂದಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಅಮೆರಿಕೆಯ ಕಾಯಿ, ಸ್ಕಾಟ್ಲೆಂಡಿನ ಹೆಸರಿನ ಮನುಷ್ಯ, ಕನ್ನಡ ನಾಡಿನ ತೋಟ, ತಮಿಳು ಮನೆಯ ಅಡಿಗೆ!

ಕ್ಯಾಮೆರಾನನ ಬಳಿಕ 1908ರಲ್ಲಿ ಬಂದವನು ಜರ್ಮನಿಯ ಕ್ರುಂಬಿಗಲ್. ಅವನು ತೋಟದ ಬೇಲಿಯನ್ನು ದಾಟಿ ಊರನ್ನೇ ತೋಟವೆಂದು ಬಗೆದನು. ಒಂದು ಬೀದಿಯ ಮರಗಳು ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯವು ಅರಳಬೇಕು, ವರ್ಷದ ಯಾವ ತಿಂಗಳಿನಲ್ಲಿಯೂ ಊರು ಹೂವಿಲ್ಲದೆ ಇರಬಾರದು ಎಂಬುದು ಅವನ ಲೆಕ್ಕಾಚಾರ. ಜಕರಂಡದ ನೀಲಿ ಉದುರುವಾಗ ಗುಲ್‌ಮೊಹರಿನ ಕೆಂಪು ಮೊಳೆಯುವ ಬೆಂಗಳೂರಿನ ಬೇಸಗೆ ಆ ಲೆಕ್ಕದ ಫಲ. 1932ರಲ್ಲಿ ನಿವೃತ್ತನಾದ ಮೇಲೂ ಅವನು ತನ್ನ ದೇಶಕ್ಕೆ ಮರಳಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡನು. ಈ ಎಲ್ಲರ ಹೆಸರುಗಳು ನಮಗೆ ಗೊತ್ತು. ಅವರು ಹೇಳಿದ ಕಡೆ ಗುಂಡಿ ತೋಡಿ, ನೀರು ಹೊತ್ತು, ಸಸಿ ಸತ್ತಾಗ ಬೈಸಿಕೊಂಡು, ಬದುಕಿದಾಗ ಸುಮ್ಮನಿದ್ದ ತೋಟಗಾರರ ಹೆಸರುಗಳು ಯಾವ ಪಟ್ಟಿಯಲ್ಲೂ ಇಲ್ಲ.

ನಮ್ಮ ಊರಿನ ತೋಟಕ್ಕೆ ಬರುತ್ತೇನೆ. ಸಮಿತಿಯ ಮೊದಲ ಸಭೆಯಲ್ಲಿಯೇ ಉದ್ಘಾಟನೆಯ ದಿನ ಗೊತ್ತಾಯಿತು. ಏನನ್ನು ನೆಡಬೇಕೆಂಬುದು ಗೊತ್ತಾದದ್ದು ಆಮೇಲೆ. ಇದು ನಮ್ಮ ಊರಿನ ದೋಷವೊಂದೇ ಅಲ್ಲ. ಕಟ್ಟಡಕ್ಕೆ ಗಡುವು ಹಾಕಬಹುದು, ಮರಕ್ಕೆ ಹಾಕುವಂತಿಲ್ಲ. ಉದ್ಘಾಟನೆಯ ದಿನಕ್ಕೆ ತೋಟ ತುಂಬಿರಬೇಕೆಂದು ಹಟ ಹಿಡಿದರೆ ಆಗುವುದು ಒಂದೇ: ತಾಳೆಜಾತಿಯ ಗಿಡಗಳನ್ನು ಲಾರಿಯಲ್ಲಿ ತರಿಸುವುದು. ಅವುಗಳಿಗೆ ಆಳಕ್ಕಿಳಿಯುವ ತಾಯಿಬೇರಿಲ್ಲ. ಬುಡದಿಂದ ಹೊರಟ ನಾರುಬೇರುಗಳ ಗೊಂಚಲು ಮಾತ್ರ. ಆದುದರಿಂದ ಎರಡಾಳೆತ್ತರದ ಗಿಡವನ್ನೂ ಕಿತ್ತು ಬೇರೆಡೆ ನಿಲ್ಲಿಸಿದರೆ ಬದುಕುತ್ತದೆ. ಹಲಸನ್ನೋ ನೇರಳೆಯನ್ನೋ ಹಾಗೆ ಕಿತ್ತರೆ ತಾಯಿಬೇರು ತುಂಡಾಗುತ್ತದೆ. ನಮ್ಮ ನಾಡಿನ ಹೊಸ ಉದ್ಯಾನಗಳೆಲ್ಲ ಏಕೆ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ, ಹೋಟೆಲಿನ ಅಂಗಳದಂತೆ ಕಾಣುತ್ತವೆ ಎಂಬುದರ ಗುಟ್ಟು ಈ ಬೇರಿನಲ್ಲಿದೆ. ನಮ್ಮ ತೋಟಕ್ಕೂ 40 ತಾಳೆಗಳು ಬಂದವು. ಉಳಿದ ನೆಲದಲ್ಲಾದರೂ ಮೊಣಕಾಲೆತ್ತರದ ಸಸಿಗಳನ್ನು, ಅವು ಬೆಳೆದಾಗ ಬೇಕಾಗುವಷ್ಟು ಅಂತರದಲ್ಲಿ ನೆಡಬೇಕೆಂದು ತೋಟಗಾರಿಕೆಯ ಅಧಿಕಾರಿ ಗಟ್ಟಿಯಾಗಿ ನಿಂತರು. ಆಲಕ್ಕೂ ಹಿಪ್ಪೆಗೂ ನಡುವೆ ಅಷ್ಟು ದೊಡ್ಡ ಬಯಲನ್ನು ಬಿಟ್ಟದ್ದು ನೋಡಿ, ನೆಲ ‘ವ್ಯರ್ಥ’ವಾಯಿತೆಂದು ಕೊರಗಿದವರು ಹಲವರು.

ಪೀಠೋಪಕರಣಗಳ ವಿಷಯ ಬಂದಾಗ ಸಮಿತಿಗೆ ನಿಜವಾದ ಉತ್ಸಾಹ ಬಂತು. ಸಿಮೆಂಟಿನ ಅಣಬೆಯ ಕೆಳಗೆ ಸಿಮೆಂಟಿನ ಪೀಠಗಳು, ಬಾಯಿ ತೆರೆದ ಪೆಂಗ್ವಿನ್ನಿನ ಆಕಾರದ ಕಸದ ತೊಟ್ಟಿಗಳು, ಬಣ್ಣದ ದೀಪದ ಕಾರಂಜಿ. ದಕ್ಷಿಣ ಧ್ರುವದ ಆ ಬಡಪ್ರಾಣಿ ನಮ್ಮ ಊರುಗಳ ಬಾಳೆಹಣ್ಣಿನ ಸಿಪ್ಪೆಯನ್ನು ನುಂಗುವ ವೃತ್ತಿಗೆ ಹೇಗೆ ನೇಮಕವಾಯಿತೋ ತಿಳಿಯದು. ಕಲ್ಲುಚಪ್ಪಡಿಯ ಬೆಂಚುಗಳು ಅಗ್ಗ, ಗಟ್ಟಿ, ನಮ್ಮ ನೆಲದವು. ಆದರೆ ಬಿಸಿಲಿನಲ್ಲಿಟ್ಟರೆ ಮಧ್ಯಾಹ್ನಕ್ಕೆ ಕಾದ ಕಾವಲಿ. ಇಂದಿನ ನೆರಳನ್ನು ನೋಡಿ ಬೆಂಚು ಹಾಕಬೇಕೋ, ಇಪ್ಪತ್ತು ವರ್ಷದ ಬಳಿಕ ಬರುವ ನೆರಳನ್ನು ನೋಡಿ ಹಾಕಬೇಕೋ ಎಂಬ ಚರ್ಚೆ ಒಂದು ಸಂಜೆಯನ್ನೇ ತಿಂದಿತು. ಕೊನೆಗೆ, ಕೆರೆಯೇರಿಯ ಪಕ್ಕದಲ್ಲಿ ಮೊದಲೇ ಇದ್ದ ಹುಣಸೆ, ಹೊಂಗೆಗಳ ಕೆಳಗೆ ಹಾಕುವುದೆಂದಾಯಿತು. ಅರಳಿಯ ಸುತ್ತ ಕಟ್ಟೆ ಕಟ್ಟಿಸೋಣವೆಂದು ನಾನೇ ಸೂಚಿಸಿದೆ. ಅಶ್ವತ್ಥಕಟ್ಟೆಗಿಂತ ಒಳ್ಳೆಯ ಸಾರ್ವಜನಿಕ ಆಸನವನ್ನು ನಮ್ಮ ಪೂರ್ವಿಕರು ಕಂಡುಹಿಡಿಯಲಿಲ್ಲ, ನಾವೂ ಕಂಡಿಲ್ಲ. ಕಟ್ಟೆಯಾಯಿತು, ಒಳಗೆ ಮಣ್ಣು, ಅಂಚಿಗೆ ಮಾತ್ರ ಕಲ್ಲು. ಬುಡದವರೆಗೂ ಗಾರೆ ಬಳಿದು ಬೇರಿನ ಉಸಿರು ಕಟ್ಟಿಸುವ ಈಚಿನ ಪದ್ಧತಿಯನ್ನು ಅಲ್ಲಿ ಅನುಸರಿಸಲಿಲ್ಲ.

ಈಗ ಹೆಸರುಗಳ ಮಾತು. ಮುಖ್ಯದ್ವಾರದಿಂದ ಕೊಳದವರೆಗಿನ ದಾರಿಗೆ ‘ಅಶೋಕವನ’ ಎಂದು ಹೆಸರಿಟ್ಟು, ಇಕ್ಕೆಲಗಳಲ್ಲಿಯೂ ‘ಅಶೋಕ’ದ ಸಸಿಗಳನ್ನು ನೆಡಿಸಿದ್ದರು. ನೋಡಿದರೆ, ಶಾಲೆ ಕಚೇರಿಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ನಿಂತು ಎಲೆಗಳನ್ನು ಕೆಳಗೆ ಇಳಿಬಿಟ್ಟುಕೊಂಡಿರುವ ಮರ. ಸಸ್ಯಶಾಸ್ತ್ರದವರು ಅದನ್ನು ಪಾಲಿಯಾಲ್ತಿಯ ಲಾಂಗಿಫೋಲಿಯ ಎಂದರು. ಅದರ ಹೂ ನಸುಹಸಿರು. ಎಲೆಯ ನಡುವೆ ಇರುವುದೇ ತಿಳಿಯದು. ಸೀತೆ ಕುಳಿತದ್ದು, ಕಾಳಿದಾಸನ ಮಾಲವಿಕೆ ಪಾದದಿಂದ ಒದ್ದು ಹೂ ಬಿಡಿಸಿದ್ದು ಇದರ ಕೆಳಗಲ್ಲ. ಕಾವ್ಯದ ಅಶೋಕ ಸರಾಕ ಅಸೋಕ ಎಂಬುದು. ಗಿಡ್ಡನಾಗಿ ಹರಡುವ ಮರ, ರೆಂಬೆಗೇ ಅಂಟಿಕೊಂಡಂತೆ ಗೊಂಚಲುಗೊಂಚಲಾಗಿ ಮೊದಲು ಕಿತ್ತಳೆ, ಬರುಬರುತ್ತ ಕೆಂಪು. ಪಶ್ಚಿಮಘಟ್ಟದ ತೊರೆಗಳ ಬದಿಯಲ್ಲಿ ಅದು ಸಹಜವಾಗಿ ಬೆಳೆಯುತ್ತದೆ. ತೊಗಟೆ ಔಷಧಕ್ಕೆ ಬರುವುದರಿಂದ ಸುಲಿದು ಸುಲಿದು ವಿರಳವಾಗಿದೆ. 18 ವರ್ಷಗಳಿಂದ ನಾನು ತರಗತಿಯಲ್ಲಿ ಅಶೋಕದ ದೋಹದವನ್ನು ವಿವರಿಸುತ್ತ ಬಂದಿದ್ದೇನೆ. ನನ್ನ ವಿದ್ಯಾರ್ಥಿಗಳು ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಕಾಣುತ್ತಿದ್ದದ್ದು ಕಿಟಕಿಯಾಚೆಯ ಈ ಕಂಬದ ಮರವನ್ನು! ಹೆಣ್ಣಿನ ಪಾದ ತಾಕಿದರೆ ಇದು ಹೂ ಬಿಡುವುದೆಂಬ ಮಾತು ಅವರಿಗೆ ನಗೆಪಾಟಲಾಗಿ ತೋರಿದ್ದರೆ ಅವರ ತಪ್ಪೇನು? ಹೆಸರುಹಲಗೆಯ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಸಾವಿರ ವರ್ಷದ ಕಾವ್ಯವನ್ನು ಅದು ಕುರುಡು ಮಾಡುತ್ತದೆ.

ಜನ ಅಶೋಕವೆಂದೇ ಕರೆಯುತ್ತಾರೆ, ನರ್ಸರಿಯ ಬಿಲ್ಲಿನಲ್ಲಿಯೂ ಹಾಗೆಯೇ ಇದೆ, ನೀವೇಕೆ ಬದಲಾಯಿಸುತ್ತೀರಿ ಎಂದು ಸಮಿತಿಯ ಒಬ್ಬ ಸದಸ್ಯರು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಭಾಷೆ ಜನರದು, ನಿಘಂಟಿನದಲ್ಲ ಎಂದು ನಾನೇ ಪಾಠ ಹೇಳುವವನು. ಆದರೂ ಒಂದೇ ಹೆಸರಿನ ಕೆಳಗೆ ಒಂದು ಮರ ಇನ್ನೊಂದನ್ನು ನುಂಗುವಾಗ ಸುಮ್ಮನಿರಲಾಗದು. ಬಹಳ ವಾದವಾದ ಬಳಿಕ ಹಲಗೆಯ ಮೇಲೆ ‘ಕಂಬದ ಮರ’ ಎಂದು ದೊಡ್ಡದಾಗಿಯೂ, ‘ಜನ ಇದನ್ನು ಅಶೋಕವೆನ್ನುವುದುಂಟು, ಕಾವ್ಯದ ಅಶೋಕ ಕೊಳದ ಬಳಿ ಇದೆ’ ಎಂದು ಕೆಳಗೆ ಚಿಕ್ಕದಾಗಿಯೂ ಬರೆಯಿಸಿದೆವು. ಕೊಳದ ಬಳಿ ನಿಜವಾದ ಅಶೋಕದ 6 ಸಸಿಗಳನ್ನು ನೆಟ್ಟಿದ್ದಾರೆ. ದ್ವಾರದ ಮೇಲಿನ ‘ಅಶೋಕವನ’ ಎಂಬ ಕಮಾನು ಮಾತ್ರ ಹಾಗೆಯೇ ಉಳಿದಿದೆ. ಅದಕ್ಕೆ ದಾನಿಗಳ ಹೆಸರು ಕೆತ್ತಿಯಾಗಿತ್ತು.

ಅಶೋಕದ್ದು ಸುಲಭದ ವ್ಯಾಜ್ಯ. ಹೊನ್ನೆಯದು ಕಠಿನ. ಮಲೆನಾಡಿನವರು ಹೊನ್ನೆಯೆಂದರೆ ಕಡಿದಲ್ಲಿ ರಕ್ತದಂತಹ ರಸ ಸುರಿಸುವ, ನಾಟಾಕ್ಕೆ ಹೆಸರಾದ ಮರ. ಕರಾವಳಿಯವರು ಹೊನ್ನೆಯೆಂದರೆ ದುಂಡನೆಯ ಕಾಯಿಯಿಂದ ದೀಪದ ಎಣ್ಣೆ ತೆಗೆಯುತ್ತಿದ್ದ, ಬಿಳಿಯ ಹೂವಿನ, ಇನ್ನೊಂದು ಮರ. ಎರಡಕ್ಕೂ ತಮ್ಮ ತಮ್ಮ ನೆಲದಲ್ಲಿ ಆ ಹೆಸರಿಗೆ ಪೂರ್ಣ ಹಕ್ಕುಂಟು. ಇದಕ್ಕೆ ತದ್ವಿರುದ್ಧ ಸೀಬೆಯದು: ಮರ ಒಂದೇ, ಹೆಸರು ನಾಲ್ಕು. ಹಳೆಯ ಮೈಸೂರಿನವರಿಗೆ ಸೀಬೆ, ಕೆಲವರಿಗೆ ಚೇಪೆ, ಧಾರವಾಡದವರಿಗೆ ಪೇರಲ, ಮಂಗಳೂರಿನವರಿಗೆ ಪೇರಳೆ. ಬಕುಳವೂ ಹಾಗೆಯೇ ರೆಂಜೆ, ಪಗಡೆ ಎಂದು ಊರಿಗೊಂದು ಉಡುಪು ತೊಟ್ಟಿದೆ. ಇವುಗಳಲ್ಲಿ ಒಂದನ್ನು ‘ಶುದ್ಧ’ವೆಂದು ಹಲಗೆಗೇರಿಸಿ ಉಳಿದವನ್ನು ಹೊರಗಟ್ಟಲು ನನಗೆ ಯಾವ ಅಧಿಕಾರವಿದೆ? 1753ರಲ್ಲಿ ಸ್ವೀಡನ್ನಿನ ಲಿನೆಯಸ್ ಪ್ರತಿ ಸಸ್ಯಕ್ಕೂ ಎರಡು ಮಾತಿನ ಒಂದು ಲ್ಯಾಟಿನ್ ಹೆಸರನ್ನು ಗೊತ್ತುಮಾಡಿದ್ದರ ಉಪಕಾರ ನನಗೆ ಮನದಟ್ಟಾದದ್ದು ಆಗ. ಒಂದು ಹೆಸರು ಲೋಕಕ್ಕೆಲ್ಲ ಒಂದೇ ಆಗಿ ನಿಂತರೆ, ಮನೆಯ ಹೆಸರುಗಳು ನಿಶ್ಚಿಂತೆಯಿಂದ ಹಲವಾಗಿರಬಹುದು. ಸೀಬೆಯ ಹಲಗೆಯಲ್ಲಿ ನಾಲ್ಕನ್ನೂ ಬರೆಯಿಸಿದೆ. ಹಲಗೆ ಮಾಡುವವನು ಅಕ್ಷರಕ್ಕಿಷ್ಟೆಂದು ಹಣ ಕೇಳುವವನಾದ್ದರಿಂದ ಅವನೊಬ್ಬನಿಗೆ ನನ್ನ ತತ್ತ್ವ ಬಹಳ ಹಿಡಿಸಿತು.

ಪರದೇಶದ ಗಿಡಗಳಿಗೆ ಹೆಸರು ಹುಡುಕುವಾಗ ನಮ್ಮ ಜನದ ಪ್ರತಿಭೆ ನನ್ನನ್ನು ಬೆರಗುಗೊಳಿಸಿತು. ದಕ್ಷಿಣ ಅಮೆರಿಕೆಯ ಗಯಾನಾ ಪ್ರಾಂತದ ಕಾಡಿನಿಂದ ಒಂದು ಮರ ಬಂತು. ಫಿರಂಗಿಯ ಗುಂಡಿನಂತಹ ಕಾಯಿ ಇದೆಯೆಂದು ಇಂಗ್ಲಿಷರು ಅದಕ್ಕೆ ಫಿರಂಗಿಗುಂಡಿನ ಮರವೆಂದು ಹೆಸರಿಟ್ಟರು. ನಮ್ಮವರು ಕಾಯಿಯನ್ನು ಬಿಟ್ಟು ಹೂವನ್ನು ನೋಡಿದರು: ನಡುವೆ ಲಿಂಗ, ಮೇಲೆ ಹೆಡೆಯೆತ್ತಿದ ನಾಗ. ನಾಗಲಿಂಗವೆಂದರು; ಶಿವಾಲಯದ ಅಂಗಳದಲ್ಲಿ ನೆಟ್ಟರು. ಮಡಗಾಸ್ಕರಿನ ಗುಲ್‌ಮೊಹರಿನ ಕಾಯನ್ನು ಹಿಡಿದು ಮಕ್ಕಳು ಯುದ್ಧವಾಡಿದರು. ಅದು ಕತ್ತಿಕಾಯಿ ಮರವಾಯಿತು. ಇರುಳಿನಲ್ಲಿ ಬಾನಿನಿಂದ ಉದುರಿದಂತೆ ಬಿಳಿಯ ಹೂ ಸುರಿಸುವ ಬರ್ಮಾ ಕಡೆಯ ಮರ ಆಕಾಶಮಲ್ಲಿಗೆ. ಏನೂ ತೋಚದಿದ್ದಾಗ ‘ಸೀಮೆ’ ಎಂಬ ಒಂದು ಮಾತು ಇದ್ದೇ ಇದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ. ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದವರಿಗೆ ನಮ್ಮ ಸಾರು ಪಲ್ಯಗಳೊಳಗಿನ ಪರದೇಶಿಗಳ ಪರಿಚಯ ಆಗಿಯೇ ಇರುತ್ತದೆ. ಅವರ ‘ಹಸಿರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ಸಸ್ಯಶಾಸ್ತ್ರವೂ ಕನ್ನಡ ಸಾಹಿತ್ಯವಾಗಬಲ್ಲದೆಂಬುದಕ್ಕೆ ಮುದ್ರೆ ಬಿದ್ದಂತಾಯಿತು. ಆ ಪುಸ್ತಕವನ್ನು ನಾನು ಸಮಿತಿಯ ಮೇಜಿನ ಮೇಲೆ ಇಟ್ಟೇ ಕೆಲಸ ಮಾಡಿದೆ.

ಒಂದು ಮೂಲೆಯನ್ನು ಮಾತ್ರ ನಾನು ಬೇಡಿ ಪಡೆದುಕೊಂಡೆ. ಬನವಾಸಿಯನ್ನು ನೆನೆಯುವಾಗ ಪಂಪನ ಕಣ್ಣಮುಂದೆ ಸುಳಿದ ಮಾವು, ವೀಳ್ಯದ ಬಳ್ಳಿ, ಜಾಜಿ, ಸಂಪಿಗೆ: ಇಷ್ಟನ್ನು ಒಂದೆಡೆ ನೆಡಿಸಿ, ಜೊತೆಗೆ ಮುತ್ತುಗ, ಪಾದರಿ, ಬಕುಳ, ಕಕ್ಕೆಗಳನ್ನು ಸೇರಿಸಬೇಕೆಂದು ಕೇಳಿದೆ. ಇದು ಭಾವುಕತೆಯೆಂದು ಕೆಲವರಿಗೆ ತೋರಿತು. ನನಗಿದು ಪ್ರಯೋಗಶಾಲೆ. ರಸಾಯನಶಾಸ್ತ್ರದ ಅಧ್ಯಾಪಕನು ಗಂಧಕವನ್ನು ತೋರಿಸದೆ ಅದರ ಪಾಠ ಹೇಳಿದರೆ ಯಾರೂ ಒಪ್ಪುವುದಿಲ್ಲ. ಪಾದರಿಯನ್ನು ಕಾಣದ ನಾನು ಪಾದರಿಯನ್ನು ಕಾಣದ ಹುಡುಗರಿಗೆ ‘ಒಂದು ಬಗೆಯ ಹೂ’ ಎಂದು ಅರ್ಥ ಬರೆಯಿಸುತ್ತ ಬಂದಿರುವುದನ್ನು ಎಲ್ಲರೂ ಒಪ್ಪಿದ್ದಾರೆ! ಹಳಗನ್ನಡ ಕಠಿನವೆಂದು ಮಕ್ಕಳು ಹೇಳುವಾಗ ಆ ಕಾಠಿನ್ಯದಲ್ಲಿ ವ್ಯಾಕರಣದ ಪಾಲೆಷ್ಟು, ಕಾಣದ ಗಿಡಮರಗಳ ಪಾಲೆಷ್ಟು ಎಂದು ಲೆಕ್ಕ ಹಾಕಿದವರಿಲ್ಲ. ಕಳೆದ ಮಳೆಗಾಲದಲ್ಲಿ ದ್ವಿತೀಯ ಬಿ.ಎ. ತರಗತಿಯ ವಿದ್ಯಾರ್ಥಿಗಳೇ ಗುಂಡಿ ತೋಡಿ ಈ ಮೂಲೆಯನ್ನು ನೆಟ್ಟರು. ವೀಳ್ಯದ ಬಳ್ಳಿ ಎರಡು ಸಲ ಸತ್ತಿತು. ನೆರಳಿಲ್ಲದ ಬಯಲಿನಲ್ಲಿ ಅದು ನಿಲ್ಲಲಾರದು. ಮಾವು ದೊಡ್ಡದಾಗುವವರೆಗೆ ಕಾಯಬೇಕು.

ಹಲಗೆಯನ್ನು ಮರಕ್ಕೆ ಹೇಗೆ ತಗುಲಿಸಬೇಕೆಂಬುದು ಕೊನೆಯ ಪ್ರಶ್ನೆ. ತಂತಿಯಿಂದ ಕಟ್ಟಿಬಿಡಿ ಎಂದು ಗುತ್ತಿಗೆದಾರನು ಹೇಳಿದನು. ನಿವೃತ್ತರಾದರೂ ದಿನವೂ ತೋಟಕ್ಕೆ ಬರುವ ಹಿರಿಯ ಮಾಲಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಷ್ಟ್ರೇ, ಇದು ಮಗೂಗೆ ಕಟ್ಟೋ ಉಡಿದಾರ ಅಲ್ಲ. ಮಗು ಬೆಳೆದ್ರೆ ತಾಯಿ ಬಿಚ್ಚಿ ಸಡಿಲ ಮಾಡ್ತಾಳೆ. ಮರಕ್ಕೆ ಯಾರು ಮಾಡ್ತಾರೆ?” ಎಂದರು. “ಹಾಗಾದರೆ ಏನು ಮಾಡೋಣ, ಯಜಮಾನರೆ?” ಎಂದೆ. ಮರ ಒಳಗಿನಿಂದ ಹೊರಕ್ಕೆ ದಪ್ಪವಾಗುತ್ತದೆ. ಬಿಗಿದ ತಂತಿ ತೊಗಟೆಯನ್ನು ಕೊಯ್ದು, ಎಲೆ ಮಾಡಿದ ಆಹಾರ ಬೇರಿಗೆ ಇಳಿಯದಂತೆ ತಡೆಯುತ್ತದೆ. ಒತ್ತಿ ಹೊಡೆದ ಹಲಗೆಯನ್ನು ತೊಗಟೆಯೇ ನಿಧಾನವಾಗಿ ನುಂಗುತ್ತದೆ. ದೊಡ್ಡ ಮರಗಳಿಗೆ ಹಲಗೆಯ ಹಿಂದೆ ಸ್ಪ್ರಿಂಗು ಇಟ್ಟು ಅಲ್ಯೂಮಿನಿಯಮ್ ಮೊಳೆ ಹೊಡೆಯುವುದು, ಸಸಿಗಳ ಪಕ್ಕದಲ್ಲಿ ನೆಲಕ್ಕೆ ಊರಿದ ಕಲ್ಲಿನ ಮೇಲೆ ಹಲಗೆ ಕೂರಿಸುವುದು ಎಂದು ಅವರ ಸಲಹೆಯಂತೆಯೇ ಮಾಡಿದೆವು.

ಇಂದಿಗೆ 112 ಹಲಗೆಗಳು ನಿಂತಿವೆ. ಪ್ರತಿಯೊಂದರಲ್ಲಿಯೂ ಮೇಲೆ ಕನ್ನಡದ ಹೆಸರು ಅಥವಾ ಹೆಸರುಗಳು, ಕೆಳಗೆ ಲ್ಯಾಟಿನ್ ಹೆಸರು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ, ಅದರ ಕೆಳಗೆ ಮೂಲದೇಶ. ಕೆರೆಯೇರಿಯ ಕೆಳಗಿನ ಪೊದೆಗಳಲ್ಲಿ ಮೊದಲೇ ಇದ್ದ 7 ಗಿಡಗಳಿಗೆ ಲ್ಯಾಟಿನ್ ಹೆಸರು ಸಿಕ್ಕಿದೆ, ಕನ್ನಡದ್ದು ಸಿಕ್ಕಿಲ್ಲ. ನಾನು ಹೊಸದನ್ನು ಕಟ್ಟಿಕೊಡಬಹುದೆಂದು ಸಮಿತಿಯವರು ಹೇಳಿದರು, ನಾನು ಒಪ್ಪಲಿಲ್ಲ. ವಾರದ ಸಂತೆಗೆ ಸೊಪ್ಪು, ಬೇರು, ನಾರು ಮಾರಲು ಬರುವ ಮುದುಕಿಯೊಬ್ಬರಿದ್ದಾರೆ. ಅವರಿಗೆ ಗೊತ್ತಿರಬಹುದೆಂದು ಹಿರಿಯ ಮಾಲಿ ಹೇಳುತ್ತಾರೆ. ಬರುವ ಸಂತೆಯ ದಿನ ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಲ್ಲಿಯವರೆಗೆ ಆ ಏಳು ಹಲಗೆಗಳ ಮೇಲಿನ ಸಾಲನ್ನು ಖಾಲಿ ಬಿಟ್ಟಿದೆ.